ಕಪಾಟಿನೊಳಗೆ ಬಂಗುಡೆಯ ಪಾಠ

"ನಾಳೆ ಮಗಳಿಗೆ ಪ್ರಾಕ್ಟಿಕಲ್ ಪರೀಕ್ಷೆ ಅಲ್ವಾ ಬಾಯಮ್ಮ? ನನ್ನ ವಿಡಿಯೋ ನೋಡಿದಳಾ?" ಎಂದು ಕೇಳುತ್ತಾ ಗಿರಿಜಕ್ಕ ಕೆಮ್ಮಣ್ಣಿನ ನಮ್ಮ ಅಂಗಳದಲ್ಲಿ ಕುಳಿತು ಬಂಗುಡೆಯ ಕಿವಿರು ಎತ್ತಿದರು. ಮನೆಮನೆಗೆ ಮೀನು ತರುವ ಗಿರಿಜಕ್ಕನದ್ದು ಎಂತ ವಿಡಿಯೋ ಎಂದು ನಾನು ಕಣ್ಣು ಕಣ್ಣು ಬಿಟ್ಟೆ.

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿರುವ ಮಗಳು ಬಾಗಿಲಲ್ಲಿ ನಿಂತು ಮೆಲ್ಲಗೆ ಹೇಳಿದಳು: "ಮಮ್ಮಿ, ಇವರು ಮೀನು ಬಿಡಿಸುವುದನ್ನು ನಾವೇ ಇನ್‌ಸ್ಟಾಗ್ರಾಮಿಗೆ ಹಾಕಿದ್ದು. ನಮ್ಮ ಕ್ಲಾಸಿನವರೆಲ್ಲ ಅದನ್ನು ನೋಡಿಯೇ ಡಿಸೆಕ್ಷನ್ ಕಲಿಯುವುದು. ಮೇಡಂ ಕೂಡ ನೋಡ್ತಾರೆ."

ಅವಳ ಫೋನು ನನ್ನ ಕಪಾಟಿನಲ್ಲಿತ್ತು, ಇಸ್ತ್ರಿ ಮಾಡಿದ ಸೀರೆಗಳ ಅಡಿಯಲ್ಲಿ. "ಹೀಗೇ ರೀಲ್ಸ್ ನೋಡುತ್ತಿದ್ದರೆ ಮೀನು ಮಾರಲು ಹೋಗಬೇಕಾದೀತು" ಎಂದು ಬೈದು ಬೆಳಿಗ್ಗೆಯಷ್ಟೇ ಕಿತ್ತಿಟ್ಟಿದ್ದೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮಾತನ್ನು ಅವಳು ಈಗ ಗಿರಿಜಕ್ಕನ ಎದುರು ಹೇಳಿಬಿಟ್ಟರೆ ಎಂದು ಹೆದರಿ ನಾನು ಎದ್ದುಹೋಗಿ ಫೋನು ತಂದುಕೊಟ್ಟೆ.

ಗಿರಿಜಕ್ಕ ಕತ್ತಿ ತೊಳೆಯುತ್ತಾ ನಕ್ಕರು. "ಸರಿಯಾಗಿ ನೋಡು ಮಾರಾಯ್ತಿ. ನೀನು ಫೇಲಾದರೆ ನನ್ನ ಮರ್ಯಾದೆ ಹೋಗ್ತದೆ!"

ಮಗಳು ಪಾಸಾದಳು. ನಾನು ಮಾತ್ರ, ಅವಳನ್ನು ಬೈಯಲು ಬೇರೊಂದು ಮಾತು ಹುಡುಕುತ್ತಿದ್ದೇನೆ.