ಓಮಾನಿಗೆ ಹೊರಟ ಬಾಳೆಕಾಯಿ

ಪುಣೆಯ ವಿಮಾನ ನಗರದ ನಮ್ಮ ಮನೆಯ ಊಟದ ಮೇಜೇ ನನ್ನ ತರಗತಿ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು ಇಪ್ಪತ್ತು ವರ್ಷ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಿದೆ. ಅದನ್ನು ಬಿಟ್ಟ ಮೇಲೆ, ಇಂಗ್ಲಿಷ್ ಪರೀಕ್ಷೆ ಬರೆಯಬೇಕಾದ ಹೊರದೇಶದವರಿಗೆ ಸಂಜೆ ಹೊತ್ತು ಮನೆಯಲ್ಲೇ ಪಾಠ ಹೇಳತೊಡಗಿದೆ. ಬಂದವರೆಲ್ಲ ನನ್ನನ್ನು ಕಾಕೂ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ನಮ್ಮ ಕಟ್ಟಡದ ಮರಾಠಿ ಮಕ್ಕಳು ಹಾಗೆ ಕರೆಯುವುದನ್ನು ಕೇಳಿ ಅವರೂ ಕಲಿತದ್ದು.

ಎರಡು ವರ್ಷದ ಹಿಂದೆ ಒಂದೇ ವಾರದಲ್ಲಿ ಇಬ್ಬರು ಬಂದರು. ಒಬ್ಬಳು ಎಕ್ವಡಾರ್ ದೇಶದವಳು, ಮೂವತ್ತರ ಆಸುಪಾಸು. ದಕ್ಷಿಣ ಅಮೆರಿಕದ ಆ ಸಣ್ಣ ದೇಶದಿಂದ ಇಲ್ಲಿಯ ಕಂಪನಿಯೊಂದರಲ್ಲಿ ಸ್ಪ್ಯಾನಿಷ್ ಗಿರಾಕಿಗಳೊಡನೆ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಬಂದಿದ್ದಳು. ಇನ್ನೊಬ್ಬ ಯೆಮೆನ್ ದೇಶದವನು, ಫಾರ್ಮಸಿ ಓದುತ್ತಿದ್ದ, ವಯಸ್ಸಿನಲ್ಲಿ ಅವಳಿಗಿಂತ ಐದಾರು ವರ್ಷ ಚಿಕ್ಕವನು.

ಅವರನ್ನು ನೋಡಿದ ಮೊದಲ ದಿನವೇ ನಾನು ಮನಸ್ಸಿನಲ್ಲಿ ತೀರ್ಮಾನ ಬರೆದುಕೊಂಡುಬಿಟ್ಟೆ. ಅವಳ ಪ್ಯಾಂಟು ಮೊಣಕಾಲಿನಲ್ಲಿ ಹರಿದಿತ್ತು, ಹೆಗಲಲ್ಲಿ ಬಣ್ಣ ಹೋದ ಬಟ್ಟೆಚೀಲ. ನಾನು ಕೊಟ್ಟ ಜೋಳದ ರೊಟ್ಟಿ, ಎಣ್ಣೆಗಾಯಿ ಬೇಡವೆನ್ನದೆ ತಿಂದು ಇನ್ನೊಂದು ರೊಟ್ಟಿಗೆ ತಾನೇ ಕೈ ಚಾಚಿದಳು. ಪಾಪ, ಬಡವರ ಮಗಳು ಅಂದುಕೊಂಡೆ. ಅವನು ಗೆರೆ ಮುರಿಯದಂತೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದ. ಎದ್ದುಹೋದ ಮೇಲೂ ಅವನ ಅತ್ತರಿನ ವಾಸನೆ ಕುರ್ಚಿಯ ಸುತ್ತ ಉಳಿದಿತ್ತು. ನಿಮ್ಮ ಮನೆಯ ಹತ್ತಿರ ಎಣ್ಣೆ ಬಾವಿ ಇದೆಯೇನಪ್ಪ ಎಂದು ನಗುತ್ತಾ ಕೇಳಿದೆ. ಅವನೂ ನಕ್ಕು, ನೀರಿನ ಬಾವಿ ಇದೆ ಕಾಕೂ, ಅದೂ ಸ್ವಲ್ಪ ದೂರ ಅಂದ. ತಮಾಷೆ ಮಾಡುತ್ತಿದ್ದಾನೆಂದು ತಿಳಿದು ನಾನು ಪುಸ್ತಕ ತೆರೆದೆ.

ಮೂರನೆಯ ವಾರವಿರಬೇಕು. ಅಭ್ಯಾಸದ ಹಾಳೆಯಲ್ಲಿ ಒಂದು ಪ್ರಶ್ನೆ ಬಂತು: ಎರಡು ಸಮುದಾಯಗಳ ಆರ್ಥಿಕ ಸ್ಥಿತಿಯನ್ನು ಹೋಲಿಸಿ ಒಂದು ಪುಟ ಬರೆಯಿರಿ. ದೂರ ಹೋಗುವುದೇಕೆ, ನೀವಿಬ್ಬರೂ ಇಲ್ಲೇ ಇದ್ದೀರಿ, ಎಕ್ವಡಾರಿನವರು ಮತ್ತು ಅರಬರು ಎಂದೇ ಬರೆಯಿರಿ ಅಂದೆ. ನಾನು ಒಳಗೆ ಹೋಗಿ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಇಬ್ಬರೂ ಮುಗಿಸಿದ್ದರು.

ಅವಳು ಬರೆದಿದ್ದಳು: ಅರಬರು ಶ್ರೀಮಂತರು, ನಾವು ಬಡವರು. ಅವಳ ಬಂದರು ಊರಿನಲ್ಲಿ ದೊಡ್ಡ ದೊಡ್ಡ ಬಟ್ಟೆ ಅಂಗಡಿಗಳೆಲ್ಲ ಅರಬ್ ಮೂಲದ ಮನೆತನದವರದಂತೆ. ಅವರ ಅಜ್ಜಂದಿರು ಲೆಬನಾನಿನ ಕಡೆಯಿಂದ ಹಡಗಿನಲ್ಲಿ ಬಂದು, ಬೆನ್ನ ಮೇಲೆ ಬಟ್ಟೆಯ ಗಂಟು ಹೊತ್ತು ಹಳ್ಳಿ ಹಳ್ಳಿ ತಿರುಗಿ ಮಾರಿದವರು. ಈಗ ಮೊಮ್ಮಕ್ಕಳಿಗೆ ಕಾರ್ಖಾನೆಗಳಿವೆ, ಅವಳ ತಾಯಿಯಂಥವರು ಆ ಅಂಗಡಿಯ ಗಾಜಿನ ಹೊರಗೆ ನಿಂತು ನೋಡಿ ಮುಂದೆ ಹೋಗುತ್ತಾರೆ. ಅವನು ಬರೆದದ್ದು ಇದಕ್ಕೆ ಪೂರ್ತಿ ಉಲ್ಟಾ. ಎಕ್ವಡಾರಿನಲ್ಲಿ ಸ್ವಂತ ನೋಟೇ ಇಲ್ಲ, ತರಕಾರಿಯನ್ನೂ ಅಮೆರಿಕದ ಡಾಲರಿನಲ್ಲೇ ಕೊಳ್ಳುತ್ತಾರೆ, ಆದ್ದರಿಂದ ಅವರು ಅಮೆರಿಕದವರ ಹಾಗೆ ಶ್ರೀಮಂತರು, ನಾವು ಬಡವರು.

ಇಬ್ಬರೂ ಕಾಗದ ಅದಲುಬದಲು ಮಾಡಿ ಓದಿಕೊಂಡು ಬಿದ್ದು ಬಿದ್ದು ನಕ್ಕರು. ಬ್ಯಾಂಕಿನಿಂದ ನಿವೃತ್ತರಾದ ನಮ್ಮವರೂ ಪೇಪರು ಮಡಚಿಟ್ಟು ಬಂದು ಕೂತರು. ಬಟ್ಟೆಯ ಗಂಟಿನ ಮಾತು ಅವರಿಗೆ ಭಾಳ ಹಿಡಿಸಿತು. ಅವರ ಅಜ್ಜನೂ ಬೆಳಗಾವಿ ಕಡೆಯಿಂದ ಸೀರೆಯ ಗಂಟು ಹೊತ್ತು ಪುಣೆಯ ಪೇಠೆಗಳಲ್ಲಿ ಮನೆಮನೆ ತಿರುಗಿದವರೇ. ಅದನ್ನು ತಮ್ಮ ಬ್ಯಾಂಕಿನ ಇಂಗ್ಲಿಷಿನಲ್ಲಿ ಅವಳಿಗೆ ವಿವರಿಸಿದರು. ನಿಮಗೂ ಈಗ ಕಾರ್ಖಾನೆ ಇದೆಯೇ ಎಂದು ಅವಳು ಕೇಳಿದಳು. ಇಲ್ಲ, ಪಿಂಚಣಿ ಇದೆ ಅಂದರು.

ಆ ದಿನ ನಗುವಿನಲ್ಲೇ ಕಳೆಯಿತು. ಆದರೆ ಯೆಮೆನಿನವನು ಬಡವ ಎಂದು ಬರೆದದ್ದನ್ನು ನಾನು ನಂಬಿರಲಿಲ್ಲ, ವಿನಯಕ್ಕೆ ಬರೆದಿದ್ದಾನೆ ಅಂದುಕೊಂಡಿದ್ದೆ. ಮುಂದಿನ ಭಾನುವಾರ ನಮ್ಮವರು ಕ್ಯಾಂಪಿನ ಪೇಟೆಗೆ ಹೋಗಿ ಬಂದವರು ಚಪ್ಪಲಿ ಬಿಡುವಾಗಲೇ ನನ್ನನ್ನು ಕರೆದರು.

"ನಿನ್ನ ಅರಬ ಸಾಹುಕಾರ ಅತ್ತರಿನ ಅಂಗಡ್ಯಾಗ ಬಾಟ್ಲಿ ಒರಸಲಿಕ್ಕತ್ತಾನ," ಅಂದರು.

"ಯಾರೋ ಬ್ಯಾರೇದವ್ರು ಇರಬೇಕ್ರಿ."

"ಅವನಽ. ನನ್ನ ನೋಡಿ ಹೊರಗ ಬಂದು ಮಾತಾಡ್ಸಿದ. ಅಂಗಡಿ ಅವರ ಊರವಂದಂತ, ರವಿವಾರ ಊಟಕ್ಕ ಕರೀತಾನಂತ, ಇಂವ ಕೈಗೂಡಿಸ್ತಾನಂತ. ಆ ವಾಸನಿ ಅಲ್ಲಿಂದಽ ಬರ್ತದ. ಅವನ ಅಂಗಿ ಎರಡಽ ಅದಾವ, ನೋಡೀಯೇನು? ಒಂದು ಒಗದು ಒಂದು ಹಾಕ್ತಾನ."

ನಾನು ನೋಡಿರಲಿಲ್ಲ. ಮೂರು ವಾರದಿಂದ ಎದುರಿಗೆ ಕೂತು ಅವನ ಕ್ರಿಯಾಪದಗಳನ್ನು ತಿದ್ದಿದ್ದೆ, ಅಂಗಿ ನೋಡಿರಲಿಲ್ಲ. ಎಣ್ಣೆ ಬಾವಿಯ ಮಾತು ನೆನಪಾಗಿ ಅಡುಗೆಮನೆಯಲ್ಲಿ ಒಬ್ಬಳೇ ನಿಂತಾಗ ಮುಖ ಬಿಸಿಯಾಯಿತು. ಮಾರನೆಯ ಸಂಜೆ ಅವನು ಬಂದಾಗ, ಬೇಡ ಬೇಡ ಎಂದರೂ ಎರಡನೆಯ ರೊಟ್ಟಿ ಅವನ ತಟ್ಟೆಗೆ ಹಾಕಿದೆ. ತಿಂದ.

ಇಂದಾಪುರಕ್ಕೆ ಹೋಗುವ ಮಾತು ಬಂದದ್ದು ಬಾಳೆಹಣ್ಣಿನಿಂದ. ಗಾಡಿಯವನಿಂದ ಒಂದು ಡಜನ್ ತಂದು ಮೇಜಿನ ಮೇಲಿಟ್ಟಿದ್ದೆ. ಎಕ್ವಡಾರಿನವಳು ಅದನ್ನು ಎತ್ತಿ, ತೊಟ್ಟು ತಿರುಗಿಸಿ ನೋಡಿ, ಇದನ್ನು ಕೊಯ್ದವರಿಗೆ ಅವಸರವಿತ್ತು ಅಂದಳು. ನಿನಗೆ ಹೇಗೆ ಗೊತ್ತು ಅಂದರೆ, ನನ್ನ ತಾಯಿ ಹದಿನೆಂಟು ವರ್ಷ ಬಾಳೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಕೆಲಸ ಮಾಡಿದವಳು ಅಂದಳು. ನಮ್ಮವರು ಐದು ವರ್ಷ ಇಂದಾಪುರದ ಬ್ಯಾಂಕ್ ಶಾಖೆಯಲ್ಲಿದ್ದರು. ಅಲ್ಲಿ ಕಬ್ಬಿನ ನಡುನಡುವೆ ಬಾಳೆ ಬೆಳೆಯುವ ಒಬ್ಬ ರೈತರು ಇನ್ನೂ ಸ್ನೇಹ ಉಳಿಸಿಕೊಂಡಿದ್ದರು, ತೋಟದಲ್ಲೇ ಅವರದೊಂದು ಶೆಡ್ಡೂ ಇತ್ತು. ನಮ್ಮವರು ಫೋನು ಮಾಡಿ ಇವಳ ವಿಷಯ ಹೇಳಿದೊಡನೆ, ಎಲ್ಲರೂ ಬನ್ನಿ, ವಹಿನಿಯನ್ನೂ, ಅಂದರೆ ಅತ್ತಿಗೆಯನ್ನೂ, ಕರಕೊಂಡು ಬನ್ನಿ ಅಂದರಂತೆ. ಯೆಮೆನಿನವನಿಗೆ ಬರುವ ಮನಸ್ಸಿರಲಿಲ್ಲ. ಪ್ರಬಂಧಕ್ಕೆ ನಾಲ್ಕು ವಾಕ್ಯವಾದರೂ ಸಿಗುತ್ತದೆ ಬಾ ಎಂದು ನಾನೇ ಎಳೆದುಕೊಂಡು ಹೋದೆ.

ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ಪುಣೆಯ ಅಂಚಿನ ಹಡಪ್‌ಸರಿನಲ್ಲಿ ಕೆಂಪು ಎಸ್‌ಟಿ ಬಸ್ ಹತ್ತಿದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದಿಕ್ಕುತ್ತಾ ಬಸ್ಸು ಇಂದಾಪುರ ಮುಟ್ಟುವಾಗ ಬಿಸಿಲು ಏರಿತ್ತು. ರೈತರು ನಿಲ್ದಾಣಕ್ಕೇ ಜೀಪು ತಂದಿದ್ದರು.

ತಗಡಿನ ಶೆಡ್ಡಿನೊಳಗೆ ಹನ್ನೆರಡು ಹೆಂಗಸರು ಕೆಲಸದಲ್ಲಿದ್ದರು. ಹಸಿರು ಗೊನೆಗಳಿಂದ ಚಿಪ್ಪುಗಳನ್ನು ಬಿಡಿಸಿ ನೀರಿನ ತೊಟ್ಟಿಗೆ ಬಿಡುವುದು, ಸೊನೆ ಹೋಗುವಂತೆ ತೊಳೆಯುವುದು, ಒರೆಸಿ, ತೂಗಿ, ರಟ್ಟಿನ ಡಬ್ಬದಲ್ಲಿ ಜೋಡಿಸುವುದು. ಎಕ್ವಡಾರಿನವಳು ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಚೀಲವನ್ನು ನನ್ನ ಕೈಗೆ ಕೊಟ್ಟು, ತೋಳು ಮಡಚಿಕೊಂಡು, ತೊಟ್ಟಿಯ ಹತ್ತಿರ ಹೋಗಿ ಹಿರಿಯ ಹೆಂಗಸೊಬ್ಬಳ ಮುಂದೆ ಕೈ ಚಾಚಿದಳು. ಆಕೆಗೆ ಗಾಬರಿ. ರೈತರ ಮುಖ ನೋಡಿದಳು, ಅವರು ಕೊಡು ಎಂದು ತಲೆಯಾಡಿಸಿದ ಮೇಲೆ ಬಾಗಿದ ಸಣ್ಣ ಚಾಕುವನ್ನು ಕೊಟ್ಟಳು.

ನಮ್ಮವಳು ಒಂದು ದೊಡ್ಡ ಚಿಪ್ಪನ್ನು ಎತ್ತಿ, ಒಮ್ಮೆ ತಿರುಗಿಸಿ, ಎರಡೇ ಏಟಿಗೆ ಸಮನಾಗಿ ಸೀಳಿ, ಒಂದು ಕಾಯಿಗೂ ಗೀರು ಬೀಳದಂತೆ ನೀರಿಗೆ ಬಿಟ್ಟಳು. ಇನ್ನೊಂದು. ಮತ್ತೊಂದು. ಹೆಂಗಸರು ಕೈಯಲ್ಲಿದ್ದುದನ್ನು ಬಿಟ್ಟು ಸುತ್ತ ಸೇರಿದರು.

"ಹಿಲಾ ಯೇತಂಯ್ ಕೀ," ಅಂದಳು ಹಿರಿಯ ಹೆಂಗಸು. ಇವಳಿಗೆ ಬರುತ್ತದಲ್ಲ ಎಂದು ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಎಕ್ವಡಾರಿನವಳು ಇನ್ನೊಂದು ಚಿಪ್ಪು ಎತ್ತಿಕೊಂಡಳು. ಅದನ್ನು ಸೀಳುತ್ತಲೇ ನನಗೊಬ್ಬಳಿಗೇ ಕೇಳುವಂತೆ ಅಂದಳು: "ಅಮ್ಮ ಮನೆಗೆ ಬಂದಾಗ ಅವಳ ಕೈ ಇದೇ ವಾಸನೆ ಬರುತ್ತಿತ್ತು ಕಾಕೂ. ಈಗ ಅವಳು ಸ್ಪೇನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾಳೆ. ಈಗ ಸಾಬೂನಿನ ವಾಸನೆ ಇರಬಹುದು. ಆರು ವರ್ಷವಾಯಿತು, ನನಗೆ ಗೊತ್ತಿಲ್ಲ."

ಅಂಗಿಯ ಮೇಲೆ ಬಾಳೆಯ ಸೊನೆ ಬಿದ್ದು ಕಲೆಯಾಗುತ್ತದೆಂದು ಹೆಂಗಸರು ತಮ್ಮದೊಂದು ಹಳೆಯ ಅಂಗಿಯನ್ನು ಅವಳಿಗೆ ಮೇಲಿನಿಂದ ತೊಡಿಸಿದರು. ನಾನು ಸ್ಟೂಲಿನ ಮೇಲೆ ಕೂತೆ. ಆಗಲೇ ಹಿಂದಿನಿಂದ ಯೆಮೆನಿನವನ ದನಿ ಕೇಳಿದ್ದು. ಅವನು ಗೋಡೆಯ ಬಳಿ ಪೇರಿಸಿಟ್ಟ ಡಬ್ಬಗಳ ಮುಂದೆ ನಿಂತು, ಅವುಗಳ ಮೇಲೆ ಅಚ್ಚಾಗಿದ್ದ ಅರಬಿ ಅಕ್ಷರಗಳನ್ನು ಗಟ್ಟಿಯಾಗಿ ಓದುತ್ತಿದ್ದ. ಡಬ್ಬಗಳು ಮುಂಬೈ ಕಡೆಯ ಬಂದರಿನಿಂದ ಓಮಾನಿಗೆ ಹೋಗುವಂಥವು.

"ಡಬ್ಬದ ಮೇಲೆ ಬರೆದಿರುವ ಈ ಊರಿನ ಹಣ್ಣಿನ ಮಾರುಕಟ್ಟೆಯಲ್ಲೇ ನನ್ನ ಅಣ್ಣ ಇದ್ದಾನೆ," ಅಂದ.

ಅಂಗಡಿಯೇ ಎಂದು ರೈತರು ಮರಾಠಿಯಲ್ಲಿ ಕೇಳಿದರು. ನಾನು ಅದನ್ನು ಇಂಗ್ಲಿಷಿಗೆ ದಾಟಿಸಿದೆ. ಅಲ್ಲ, ಲಾರಿಯಿಂದ ಡಬ್ಬ ಇಳಿಸುವ ಕೆಲಸ ಅಂದ.

ಅವನ ಅಣ್ಣನಿಗೆ ನಸುಕಿನಲ್ಲೇ ಕೆಲಸ ಶುರುವಾಗಿ ಅಷ್ಟು ಹೊತ್ತಿಗೆ ಮುಗಿಯುತ್ತದಂತೆ. ವಿಡಿಯೋ ಕರೆ ಮಾಡಿದ. ಪರದೆಯ ಮೇಲೆ ಇವನದೇ ಮುಖ, ಹತ್ತು ವರ್ಷ ದೊಡ್ಡದು, ಹೆಗಲ ಮೇಲೆ ಟವೆಲು. ತಮ್ಮ ಫೋನು ಹಿಡಿದುಕೊಂಡು ಗೊನೆ, ತೊಟ್ಟಿ, ಹೆಂಗಸರು, ಡಬ್ಬ ಎಲ್ಲವನ್ನೂ ಸಾಲಾಗಿ ತೋರಿಸಿದ. ಅಣ್ಣ ಡಬ್ಬ ನೋಡಿದ್ದೇ ಅರಬಿಯಲ್ಲಿ ಏನೋ ಜೋರಾಗಿ ಹೇಳತೊಡಗಿದ. ತಮ್ಮ ನಾಚಿಕೊಂಡ. ಏನಂತೆ ಎಂದು ಒತ್ತಾಯ ಮಾಡಿದ ಮೇಲೆ ಇಂಗ್ಲಿಷಿನಲ್ಲಿ ಹೇಳಿದ: ಒಳಗೆ ಮೂಲೆಯಲ್ಲಿ ಕಾಯಿ ಸಡಿಲವಾಗಿದ್ದರೆ ಕೆಳಗಿನ ಡಬ್ಬಗಳು ಕುಸಿಯುತ್ತವೆ, ಬೈಗುಳ ತಿನ್ನುವವರು ಇಳಿಸುವವರು, ಮೂಲೆ ಬಿಗಿಯಾಗಿ ತುಂಬಲು ಆ ತಾಯಂದಿರಿಗೆ ಹೇಳು.

ನಾನು ಅದನ್ನು ಮರಾಠಿಯಲ್ಲಿ ಹೆಂಗಸರಿಗೆ ಹೇಳಿದೆ. ಹಿರಿಯ ಹೆಂಗಸು ಸೊಂಟಕ್ಕೆ ಕೈಯಿಟ್ಟು ಫೋನಿನ ಮುಂದೆ ಬಂದು ನಿಂತಳು. ನಾವು ಹಸುಗೂಸನ್ನು ಮಲಗಿಸುವ ಹಾಗೆ ಇಡುತ್ತೇವೆ, ನೀವು ಅಲ್ಲಿ ಎಸೆಯಬೇಡಿ, ಮೆಲ್ಲಗೆ ಇಳಿಸಿ ಎಂದು ಹೇಳು ಅಂದಳು. ಮಾತು ಮರಾಠಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಅರಬಿಗೆ ದಾಟಿ ಹೋಯಿತು. ಪರದೆಯ ಮೇಲಿನವನು ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಕ್ಕ. ಆಮೇಲೆ ಆಕೆಗೆ ಎಷ್ಟು ಮಕ್ಕಳು ಎಂದು ಕೇಳಿದ. ಮೂವರು ಅಂದಳು. ಅವನಿಗೂ ಮೂವರು. ಊರಿನಲ್ಲಿದ್ದಾರೆ, ಕೊನೆಯದನ್ನು ಇನ್ನೂ ಎತ್ತಿಕೊಂಡಿಲ್ಲ ಅಂದ. ಅದನ್ನು ದಾಟಿಸುವಾಗ ನನಗೆ ಮರಾಠಿ ಶಬ್ದ ತಕ್ಷಣ ಸಿಗಲಿಲ್ಲ.

ರೈತರ ಮನೆಯಲ್ಲಿ ಜೋಳದ ಭಾಕರಿ, ಕಡಲೆಹಿಟ್ಟಿನ ಪಿಠಲ ಉಂಡು ಸಂಜೆಯ ಬಸ್ಸಿಗೆ ಹೊರಟೆವು. ಹಿಂದಿನ ಸೀಟಿನಲ್ಲಿ ನಾವು ಮೂವರು, ಮುಂದೆ ನಮ್ಮವರು ನಿದ್ದೆಯಲ್ಲಿ. ಆ ದಾರಿಯಲ್ಲಿ ಅವನು ಮೊದಲ ಬಾರಿಗೆ ಮನೆಯ ವಿಷಯ ಹೇಳಿದ. ತಂದೆ ಶಾಲಾ ಮಾಸ್ತರರು. ಯುದ್ಧ ಶುರುವಾದ ಮೇಲೆ ಸಂಬಳ ಒಮ್ಮೆ ಬರುತ್ತದೆ, ತಿಂಗಳುಗಟ್ಟಲೆ ಬರುವುದಿಲ್ಲ. ಆದರೂ ದಿನಾ ಕೋಟು ಹಾಕಿಕೊಂಡು ಶಾಲೆಗೆ ಹೋಗುತ್ತಾರೆ. ಇವನ ಓದು ನಡೆಯುತ್ತಿರುವುದು ಅಣ್ಣನ ಹೆಗಲ ಮೇಲೆ.

"ಆದರೆ ಆ ಡಬ್ಬ ಕೊಳ್ಳುವವರೂ ಅರಬರೇ ಅಲ್ಲವೆ?" ಎಂದು ಅವಳು ಕೇಳಿದಳು.

"ಹೌದು. ಕೊಳ್ಳುವವನೂ ಅರಬ, ಹೊರುವವನೂ ಅರಬ. ನಿಮ್ಮೂರಿನ ಬಟ್ಟೆ ಅಂಗಡಿಯವರೂ ಅರಬರು. ನಾನು ಯಾರ ಬಗ್ಗೆ ಬರೆಯಲಿ?"

ತಾನು ಬಡವಳೆಂದು ಬರೆದದ್ದೂ ಪೂರ್ತಿ ನಿಜವಲ್ಲ ಅಂದಳು ಅವಳು. ತಾಯಿ ಕಳಿಸಿದ್ದರಿಂದ ಊರಿನಲ್ಲಿ ಮನೆಯ ಮೇಲೆ ಎರಡನೆಯ ಅಂತಸ್ತು ಎದ್ದಿದೆ, ತಾನು ಕಾಲೇಜು ಮುಗಿಸಿದ್ದೇನೆ, ವಿಮಾನ ಹತ್ತಿ ಇಲ್ಲಿಗೆ ಬಂದಿದ್ದೇನೆ. ಪಕ್ಕದ ಮನೆಯವರಿಗೆ ಹೋಲಿಸಿದರೆ ತಾವೇ ಸಾಹುಕಾರರು. ಡಾಲರಿನ ವಿಷಯವನ್ನೂ ಅವನಿಗೆ ವಿವರಿಸಿದಳು: ಬೆಲೆಗಳು ಅಮೆರಿಕದ ನೋಟಿನಲ್ಲಿರುತ್ತವೆ, ಕೂಲಿ ಮಾತ್ರ ಬಾಳೆತೋಟದ್ದು. ಹರಿದ ಪ್ಯಾಂಟಿನ ಬಗ್ಗೆ ನಾನು ಸಂಕೋಚ ಬಿಟ್ಟು ಕೇಳಿದೆ. ಅದು ಹಾಗೇ ಅಂಗಡಿಯಲ್ಲಿ ಸಿಗುತ್ತದೆ ಕಾಕೂ, ಹರಿಯದ್ದಕ್ಕಿಂತ ತುಟ್ಟಿ ಎಂದು ನಕ್ಕಳು.

ಇಬ್ಬರೂ ಪ್ರಬಂಧವನ್ನು ಮತ್ತೆ ಬರೆದರು. ಒಂದು ಪುಟಕ್ಕೆ ನಿಲ್ಲಲಿಲ್ಲ, ಅವಳದು ನಾಲ್ಕು ಪುಟ, ಅವನದು ಐದು. ತಪ್ಪುಗಳಿದ್ದವು. ಬೇಕಾದಷ್ಟೇ ತಿದ್ದಿ ಬಿಟ್ಟೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲೇ ಇಲ್ಲ, ಊರಿಗೆ ಉದ್ಯಾನಗಳು ಬೇಕೇ ಬೇಡವೇ ಎಂದು ಕೇಳಿದ್ದರಂತೆ. ಅವಳು ಮೊದಲ ಸಲಕ್ಕೇ ಪಾಸಾದಳು. ಅವನು ಎರಡನೆಯ ಸಲಕ್ಕೆ. ಕಳೆದ ವರ್ಷ ಅವಳಿಗೆ ಸ್ಪೇನಿನಲ್ಲೇ ಕೆಲಸ ಸಿಕ್ಕಿತು. ಹೊರಡುವ ದಿನ ನಮ್ಮವರ ಕಾಲಿಗೆ ನಮಸ್ಕಾರ ಮಾಡಲು ಹೋಗಿ ಅವರನ್ನು ತಬ್ಬಿಕೊಂಡಳು. ಅವರು ಇಡೀ ಸಂಜೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು.

ಅವನು ಇಲ್ಲೇ ಇದ್ದಾನೆ, ಕೊನೆಯ ವರ್ಷ. ಈಚೆಗೆ ಅವನ ಕಾಲೇಜಿನ ತರಬೇತಿ ನಮ್ಮ ಕಡೆಯ ಆಸ್ಪತ್ರೆಗೆ ಬಿದ್ದದ್ದರಿಂದ ಹತ್ತಿರದಲ್ಲೊಂದು ಕೋಣೆ ಬೇಕಾಯಿತು. ನಮ್ಮ ಕೆಳಗಿನ ಮನೆಯ ಮರಾಠಿ ಅಜ್ಜಿ, ಎಲ್ಲರ ಆಜಿ, ಒಬ್ಬರೇ ಇರುತ್ತಾರೆ, ಒಂದು ಕೋಣೆ ಖಾಲಿ ಇತ್ತು. ಕೇಳಲು ಹೋದೆ. ಅವರು ಬಾಗಿಲನ್ನು ಅರ್ಧ ತೆರೆದು ನಿಂತೇ ಕೇಳಿಸಿಕೊಂಡರು. ಅರಬನೇ, ಹಾಗಾದರೆ ದೊಡ್ಡ ಹೋಟೆಲಿನಲ್ಲೇ ಇರಬಹುದಲ್ಲ, ಈ ಸಣ್ಣ ಕೋಣೆ ಅವನಿಗೆ ಹಿಡಿಸುತ್ತದೆಯೇ ಅಂದರು. ನಾನು ಅವನ ತಂದೆ ಶಾಲಾ ಮಾಸ್ತರರು ಎಂದಷ್ಟೇ ಹೇಳಿದೆ.

ಆಜಿ ಮೂವತ್ತಾರು ವರ್ಷ ಪುರಸಭೆಯ ಶಾಲೆಯಲ್ಲಿ ಕಲಿಸಿದವರು. ಯಾವ ವಿಷಯ ಕಲಿಸುತ್ತಾರೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಮೆಟ್ಟಿಲಲ್ಲೇ ನಿಂತು ಅವನಿಗೆ ಫೋನು ಹಚ್ಚಿದೆ. ಗಣಿತ ಅಂದ, ಮತ್ತು ಭೂಗೋಳದ ಮಾಸ್ತರರು ರಜೆ ಹಾಕಿದ ದಿನ ಭೂಗೋಳವನ್ನೂ. ಅದನ್ನು ಹೇಳಿದಾಗ ಆಜಿ ಇನ್ನೊಂದು ಕದದ ಮೇಲಿನ ಚಿಲಕವನ್ನೂ ತೆಗೆದು, ಒಳಗೆ ಬಾ, ಕೋಣೆಯ ಫ್ಯಾನು ಸ್ವಲ್ಪ ಸದ್ದು ಮಾಡುತ್ತದೆ, ನೀನೇ ಒಮ್ಮೆ ನೋಡು ಅಂದರು.