ಆನೆ ಬಂತೆಂದು ಫೋನ್ ಮಾಡಿದ ಶನಿವಾರ

ಇದನ್ನು ಬರೆಯಬೇಕೆಂದು ಕೂತು ಎಷ್ಟು ಸಲ ಎದ್ದು ಹೋಗಿದ್ದೇನೋ ನೆನಪಿಲ್ಲ. ಎಪ್ಪತ್ತು ದಾಟಿದೆ. ಇನ್ನೂ ಮುಂದೆ ಹಾಕಿದರೆ ನನ್ನ ಜೊತೆಯಲ್ಲೇ ಹೋಗುತ್ತದೆ.

ಹೊಸೂರಿನ ಹತ್ತಿರ ಸಾನಮಾವು ಕಾಡಿನ ಅಂಚಿನ ನಮ್ಮ ಹಳ್ಳಿಯ ಗುಡಿಯ ಭಜನೆಯಲ್ಲಿ ಹದಿನೈದು ವರ್ಷ ಮುಂದಿನ ಸಾಲಿನಲ್ಲಿ ಕೂತು ಹಾಡಿದವನು ನಾನು. ಹೊಸೂರಿನ ಕಾರ್ಖಾನೆಯಲ್ಲಿ ಯಾವ ಶಿಫ್ಟ್ ಇದ್ದರೂ ಶನಿವಾರ ತಪ್ಪಿಸುತ್ತಿರಲಿಲ್ಲ. ಹಾರ್ಮೋನಿಯಂ ನುಡಿಸುತ್ತಿದ್ದವನು ನನಗಿಂತ ಹತ್ತು ವರ್ಷ ಚಿಕ್ಕವನು. ಒಂದು ಶನಿವಾರ ಅವನು ಎಲ್ಲರ ಮುಂದೆ ನುಡಿಸುವುದನ್ನು ನಿಲ್ಲಿಸಿ, ನನ್ನ ಕಡೆ ಕೈ ತೋರಿಸಿ, ಇವರಿಗೆ ಶ್ರುತಿ ನಿಲ್ಲುತ್ತಿಲ್ಲ, ಇನ್ನು ತಾಳ ಹಾಕಿಕೊಂಡಿರಲಿ ಎಂದ. ನನ್ನ ಜಾಗಕ್ಕೆ ತನ್ನ ಹೆಂಡತಿಯನ್ನು ಕೂರಿಸಿದ. ನಾನು ತಾಳ ಮುಟ್ಟಲಿಲ್ಲ. ಹೊಸೂರಿನ ಮಗ್ಗುಲ ಅವಲಪಲ್ಲಿಗೆ ಮನೆ ಬದಲಾಯಿಸಿದ ಮೇಲೆ ಆ ಗುಡಿಯ ಕಡೆ ತಲೆ ಹಾಕಲೂ ಇಲ್ಲ.

ಲಾಕ್‌ಡೌನ್‌ನಲ್ಲಿ ಗುಡಿ ಮುಚ್ಚಿತು. ಆ ಗಂಡ ಹೆಂಡತಿ ಪ್ರತಿ ಶನಿವಾರ ಸಂಜೆ ಆರೂವರೆಗೆ ತಮ್ಮ ಪಡಸಾಲೆಯಿಂದ ಫೋನಿನಲ್ಲಿ ಲೈವ್ ಹಾಡತೊಡಗಿದರು. ನಾನು ಒಂದು ವಾರವೂ ಬಿಡದೆ ಹೆಂಡತಿಯ ಫೋನಿನಲ್ಲಿ ನೋಡಿದೆ. ಭಕ್ತಿಯೇನಲ್ಲ, ಅವನ ಬೆರಳು ಎಲ್ಲಿ ತಪ್ಪುತ್ತದೆ ಎಂದು ಕಾಯುತ್ತಿದ್ದೆ. ತಪ್ಪುತ್ತಿರಲಿಲ್ಲ. ಅದಕ್ಕೇ ಹೊಟ್ಟೆ ಉರಿಯುತ್ತಿತ್ತು.

ಒಂದು ವಾರ ರಾಮನ ಹಾಡೊಂದಕ್ಕೆ ಮೊದಲು ಅವನು ನಗುತ್ತಾ ಹೇಳಿದ: “ಇದನ್ನ ನಮ್ಮೂರಲ್ಲಿ ಒಬ್ರು ಹಾಡ್ತಿದ್ರು. ರಾಮ ಕಾಡಿಗೆ ಹೋಗಿದ್ದು ಅಪ್ಪನ ಮಾತಿಗಲ್ಲ, ಅವರ ಹಾಡು ಕೇಳಿ.”

ತೆರೆಯ ಮೇಲೆ ನೋಡುತ್ತಿದ್ದವರು ಒತ್ತಿದ ನಗುವ ಮುಖಗಳು ಸಾಲಾಗಿ ಏರಿದವು. ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋದಳು.

ವಾರವಿಡೀ ಯೋಚಿಸಿದೆ. ಆ ಊರಿನಲ್ಲಿ ಆನೆ ಓಡಿಸುವ ಪಟಾಕಿ ಸಿಡಿದರೆ ಮನೆಗೊಬ್ಬ ಗಂಡಸು ಟಾರ್ಚ್ ಹಿಡಿದು ಹೊರಡಲೇಬೇಕು. ಉಣ್ಣುತ್ತಿದ್ದರೂ ತಟ್ಟೆ ಬಿಟ್ಟು ಏಳಬೇಕು. ಪಟಾಕಿ ಇರುತ್ತಿದ್ದುದು ಅದೇ ಊರಿನ ನನ್ನ ಷಡ್ಡಕನ ಮನೆಯಲ್ಲಿ. ಮುಂದಿನ ಶನಿವಾರ ಹಾಡು ಶುರುವಾಗುವ ಹೊತ್ತಿಗೆ ಹಿತ್ತಿಲಿಗೆ ಹೋಗಿ ಅವನಿಗೆ ಫೋನ್ ಮಾಡಿದೆ.

“ಲೋ, ಮಾವಿನ ತೋಪಿನ ತಾವ ಮೂರು ಆನೆ ಇಳ್ದವಂತೆ ಕಣ್ಲಾ. ರೋಡಲ್ಲಿ ಬಂದೋರು ಹೇಳಿದ್ರು.”

“ಎಷ್ಟೊತ್ತಾಯ್ತು?”

“ಈಗ್ಲೇ. ನಿಂತ್ಕೋಬ್ಯಾಡ, ಹೋಗು.”

ಒಳಗೆ ಬಂದು ಕೂತೆ. ತೆರೆಯ ಮೇಲೆ ಹಾರ್ಮೋನಿಯಂನವನ ಹೆಂಡತಿ ಇನ್ನೂ ಹಾಡಲು ಶುರುಮಾಡಿರಲಿಲ್ಲ. ನೇರ ನಮ್ಮ ಕಡೆ ನೋಡಿದಳು. “ಹೋದ ವಾರ ನಮ್ಮೋರು ಆಡಿದ ಮಾತು ಸರಿ ಇಲ್ಲ. ನಾನು ಹಾಡು ಕಲ್ತಿದ್ದೇ ಆ ಅಣ್ಣನ ಹಿಂದೆ ಕೂತ್ಕೊಂಡು. ಅಣ್ಣ, ನೋಡ್ತಾ ಇದ್ರೆ ಕೇಳಿ, ನಿಮ್ಮಂಗೇ ಹಾಡ್ತೀನಿ.” ಗಂಡ ತಲೆ ತಗ್ಗಿಸಿದ್ದ.

ಪಲ್ಲವಿಯ ಕೊನೆಯನ್ನು ನಾನು ಎಳೆದು, ಸ್ವಲ್ಪ ಹಿಡಿದು ಬಿಡುತ್ತಿದ್ದೆ. ಅವಳೂ ಹಾಗೇ ಎಳೆದಳು. ನನ್ನ ಫೋನ್ ಕೈಯಲ್ಲೇ ಇತ್ತು. ಸುಳ್ಳು ಕಣ್ಲಾ ಎಂದು ಷಡ್ಡಕನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಹಾರ್ಮೋನಿಯಂ ಬಿಟ್ಟು ಅವನು ಏಳುವುದನ್ನು ನಾನು ನೋಡಲೇಬೇಕಿತ್ತು.

ಪಟಾಕಿ ಸಿಡಿಯಿತು. ಅವನು ಓಡಿದ. ಅವಳು ಒಬ್ಬಳೇ ಎರಡು ಸಾಲು ಹಾಡಿದಳು. ಹೊರಗೆ ತಗಡು ಬಡಿಯುವ ಸದ್ದು, ನಾಯಿಗಳು. ಮೂರನೆಯ ಸಾಲಿಗೆ ದನಿ ನಡುಗಿ ನಿಂತಿತು. ಆಮೇಲೆ ತೆರೆ ಕಪ್ಪಾಯಿತು.

ಅವನು ಆನೆ ದಾಟದಂತೆ ತೋಡಿದ ಕಂದಕಕ್ಕೆ ಜಾರಿ ಕಾಲು ಉಳುಕಿಸಿಕೊಂಡ ಎಂದು ಮರುದಿನ ಷಡ್ಡಕ ಹೇಳಿದಾಗ ನಾನು ಒಂದು ಮುದ್ದೆ ಹೆಚ್ಚು ಉಂಡೆ. ಆ ಕಾಲಿನ ವಿಷಯಕ್ಕೆ ಈಗಲೂ ನನಗೆ ಅಷ್ಟೇನೂ ನೋವಿಲ್ಲ. ಅವರ ಶನಿವಾರದ ಹಾಡು ಮಾತ್ರ ಅಲ್ಲಿಗೇ ನಿಂತಿತು.

ಬಸ್ಸು ಓಡತೊಡಗಿದ ಮೇಲೆ ಹೊಸೂರಿನ ಬಸ್ ನಿಲ್ದಾಣದಲ್ಲಿ ಅವಳೇ ನನ್ನನ್ನು ಗುರುತಿಸಿ ಬಂದಳು. ಮಾಸ್ಕ್ ಕೆಳಗೆ ಎಳೆದು, “ಅಣ್ಣ, ಆವತ್ತು ಹಾಡು ಕೇಳಿದ್ರಾ?” ಅಂದಳು.

“ಇಲ್ಲ ಕಣವ್ವ. ನಮ್ಮನೇಲಿ ಸಿಗ್ನಲ್ ಇರ್ಲಿಲ್ಲ.”

“ಹೋಗ್ಲಿ ಬುಡಿ,” ಎಂದು ಅವಳು ಮಾಸ್ಕ್ ಏರಿಸಿಕೊಂಡು ಬಸ್ ಹತ್ತಿದಳು.

ಕ್ಷಮೆ ಕೇಳಬೇಕು ಎನಿಸಿದಾಗಲೆಲ್ಲ ಅವನ ಮುಖವನ್ನೇ ಮುಂದೆ ತಂದುಕೊಂಡು, ಅವನಿಗೇಕೆ ತಲೆಬಾಗಲಿ ಎಂದು ಸುಲಭವಾಗಿ ದಿನ ಕಳೆದೆ. ನಾನು ಕ್ಷಮೆ ಕೇಳದೆ ಉಳಿಸಿಕೊಂಡಿರುವುದು ನನ್ನ ಹಿಂದೆ ಕೂತು ಹಾಡು ಕಲಿತ ಆ ಹೆಣ್ಣುಮಗಳ ಹತ್ತಿರ.