ಯರ್ರೆಪ್ಪನ ಗುಂಡಿಗೆ ಸಿಮೆಂಟು

ಬದುಕಿದ್ದಾಗ ಯರ್ರೆಪ್ಪನಿಗೆ ಒಂದು ಲೋಟ ಚಹಾ ಕುಡಿಸದವರೆಲ್ಲ ಅವನು ಸತ್ತು ತಿಂಗಳಾಗುವಷ್ಟರಲ್ಲಿ ಆಲೂರಿನ ಆಂಜನೇಯ ಗುಡಿಯ ಮುಂದೆ ಶಾಮಿಯಾನ ಹಾಕಿಸಿದ್ದರು. ವೇದಿಕೆಯ ಹಿಂದೆ ಗೋಡೆಯಗಲದ ಫ್ಲೆಕ್ಸು. ಅದರಲ್ಲಿ ಜಿನ್ನಿಂಗ್ ಮಿಲ್ಲಿನ ಸಾವ್ಕಾರ ಕೊಟ್ರಬಸಪ್ಪ ಕೈಮುಗಿದು ನಿಂತಿದ್ದ, ಪಕ್ಕದಲ್ಲಿ ಅವನ ಮಗ ಉದಯಕುಮಾರ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ನಿಂತಿದ್ದ. ಸತ್ತವನೆಲ್ಲಿ ಅಂತ ಹೆಂಡತಿ ಗಾದಿಲಿಂಗಮ್ಮ ಹುಡುಕಿದಳು. ಕೆಳಗೆ ಮೂಲೆಯಲ್ಲಿ, ಅಂಗೈಯಷ್ಟು ಜಾಗದಲ್ಲಿ ಕೂತಿದ್ದ. ಥೂ, ಇವರ ಜನ್ಮಕ್ಕಿಷ್ಟು ಬೆಂಕಿ ಹಾಕ!

ಯರ್ರೆಪ್ಪ ಆದವಾನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಹಮಾಲಿ. ವರ್ಷವೆಲ್ಲ ಮೂಟೆ ಹೊತ್ತವನು ಯುಗಾದಿಯ ದಿನ ಊರಿಗೆ ಬಂದು, ಗುಡಿ ಮುಂದಿನ ಗುಂಡು ಎಂಬ ದುಂಡು ಕರಿಗಲ್ಲನ್ನು ಅಪ್ಪಿ, ಮೊಣಕಾಲ ಮೇಲಿಟ್ಟು, ಹೆಗಲಿಗೇರಿಸಿ ಹಿಂದಕ್ಕೆ ಎಸೆಯುತ್ತಿದ್ದ. ಇಪ್ಪತ್ತೆರಡರ ಪ್ರಾಯದಲ್ಲಿ ಹಿಡಿದ ಗುಂಡನ್ನು ಅರವತ್ತು ದಾಟುವ ತನಕ ಬಿಡಲಿಲ್ಲ. ಬಳ್ಳಾರಿಯವರೆಗೂ ಹೆಸರಿತ್ತು. ಆಗ ಕೊಟ್ರಬಸಪ್ಪ ಅವನ ಕೊರಳಿಗೆ ಹಾರ ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಮರುದಿನ ಮಾರ್ಕೆಟ್ಟಿನಲ್ಲಿ ಅದೇ ಬಾಯಿ, "ಏ ಯರ್ರ್ಯಾ, ಜಲ್ದಿ ಎತ್ತಲೇ" ಅನ್ನುತ್ತಿತ್ತು. ಅರವತ್ತೆಂಟಕ್ಕೆ ಎದೆನೋವು ಬಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿ ಮಲಗಿದಾಗ ಈ ಮಹಾನುಭಾವರ ಪೈಕಿ ಒಬ್ಬನೂ ಹಣಿಕಿ ನೋಡಲಿಲ್ಲ.

ಅವನಿಗೆ ಉಳಿದಿದ್ದ ಆಸೆ ಒಂದೇ. ಈ ಯುಗಾದಿಗೆ ಮೊಮ್ಮಗಳು ನಾಗಜ್ಯೋತಿ ಗುಂಡು ಎತ್ತಬೇಕು. ಮೂರು ವರ್ಷ ಹಿತ್ತಲಲ್ಲಿ ಅವಳಿಗೆ ಮರಳಿನ ಚೀಲ ಹೊರಿಸಿ ಕಲಿಸಿದ್ದ. ಕೊನೆಯ ದಿನವೂ ಹೆಂಡತಿಯ ಕೈ ಹಿಡಿದು, "ಜ್ಯೋತಿ ಎತ್ತಾದು ನೀನಾರ ನೋಡಬೇಕು, ಏನು?" ಅಂದಿದ್ದ. ಯುಗಾದಿಗೆ ಇನ್ನು ಹದಿನೈದೇ ದಿನ.

ಈಗ ನೋಡಿದರೆ ಈ ಶತದಡ್ಡರು ಗುಂಡಿಗೆ ಬಣ್ಣ ಬಳಿದು, ಜೆಸಿಬಿ ತರಿಸಿ ವೇದಿಕೆ ಪಕ್ಕದ ಕಟ್ಟೆಯ ಮೇಲಿಟ್ಟು, ಸುತ್ತ ಸಿಮೆಂಟು ಮೆತ್ತಿಬಿಟ್ಟಿದ್ದರು! ಸ್ಮಾರಕವಂತೆ. ಎತ್ತುವ ಕಲ್ಲನ್ನು ಇನ್ನು ಯಾರೂ ಎತ್ತದ ಹಾಗೆ ಮಾಡುವುದು ಎತ್ತಿದವನಿಗೆ ಗೌರವವಂತೆ. ಎಂಥ ತಲೆಗಳೋ!

ಗಾದಿಲಿಂಗಮ್ಮ ಮೂವತ್ತು ವರ್ಷ ಗಾರೆ ಕೆಲಸದಲ್ಲಿ ಸಿಮೆಂಟಿನ ಪುಟ್ಟಿ ಹೊತ್ತವಳು. ವೇದಿಕೆ ಹತ್ತುವ ಮುಂಚೆ, ಕಲ್ಲಿಗೆ ಕೈಮುಗಿಯುವವಳ ಹಾಗೆ ಬಗ್ಗಿ, ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಉಗುರು ಇಳಿಯಿತು. ಬೆಳಿಗ್ಗೆ ಹಾಕಿದ್ದು, ಅದರಲ್ಲೂ ಮುಕ್ಕಾಲು ಪಾಲು ಮರಳು. ಕೆಲಸ ಮಾಡಿಸಿದವನು ಉದಯಕುಮಾರನಲ್ಲವೇ, ಮತ್ತೇನು! ಆದರೂ ಹೊತ್ತು ಮುಳುಗುವಷ್ಟರಲ್ಲಿ ಕಚ್ಚಿಕೊಳ್ಳುತ್ತದೆ. ಆಮೇಲೆ ಒಡೆಯಲು ಇವರು ಬಿಟ್ಟಾರೆಯೇ?

ಅವಳಿಗೆ ಶಾಲು ಹೊದಿಸಿ ಕುರ್ಚಿಯಲ್ಲಿ ಕೂಡಿಸಿದರು. ಒಬ್ಬನ ಹಿಂದೊಬ್ಬ ಭಾಷಣ ಕೊರೆದ. ಬಿಸಿಲೇರಿತು, ಸಿಮೆಂಟು ಬೆಳ್ಳಗಾಗುತ್ತ ಬಂತು. ಕೊಟ್ರಬಸಪ್ಪ ಮೈಕು ಹಿಡಿದು ಗದ್ಗದನಾದ: "ಯರ್ರೆಪ್ಪ ನನಗ ಒಡಹುಟ್ಟಿದ ತಮ್ಮ ಇದ್ದಂಗ. ಇಬ್ಬರೂ ಒಂದ ತಾಟಿನ್ಯಾಗ ಉಂಡೀವಿ..."

ಗಾದಿಲಿಂಗಮ್ಮ ಶಾಲನ್ನು ಕುರ್ಚಿಗೆ ಎಸೆದು ಎದ್ದಳು. "ಸಾವ್ಕಾರ್ರೀ, ಒಂದಿನಾರ ನನ್ನ ಗಂಡನ್ನ ನಿಮ್ಮ ಮನಿ ಕಟ್ಟಿ ಹತ್ತಾಕ ಬಿಟ್ಟಿದ್ರೇನ್ರಿ? ತಾಟು ಯಾವಾಗ ಹಿಡಿದಿದ್ರಿ?"

ಶಾಮಿಯಾನದಲ್ಲಿ ಯಾರೋ ಕಿಸಕ್ಕೆಂದರು.

ಮುಂದಿನ ಸಾಲಿನಲ್ಲಿ ಕೂತಿದ್ದ ಮೊಮ್ಮಗಳನ್ನು ಗಾದಿಲಿಂಗಮ್ಮ ಕರೆದಳು: "ಜ್ಯೋತಿ, ಬಾರವ್ವ. ಸಿಮೆಂಟು ಇನ್ನೂ ಹಸಿ ಐತಿ, ಎತ್ತು."

ಉದಯಕುಮಾರ್ ಓಡಿ ಬಂದು ಅಡ್ಡ ನಿಂತ. "ಮುಟ್ಟಬ್ಯಾಡ್ರಿ! ಚೀಫ್ ಗೆಸ್ಟ್ ಬರೋದೈತಿ!"

"ಬರ್ಲಿ, ಅವರೂ ನೋಡ್ಲಿ. ನೀ ಸರೀತಿಯೋ, ಇಲ್ಲಾ ನೀನ ಎತ್ತಿ ತೋರಿಸ್ತಿಯೋ?"

ಅವನು ಕೂಲಿಂಗ್ ಗ್ಲಾಸ್ ಸರಿಮಾಡಿಕೊಂಡು ಸರಿದ.

ನಾಗಜ್ಯೋತಿ ದುಪಟ್ಟಾ ಸೊಂಟಕ್ಕೆ ಬಿಗಿದು ಗುಂಡನ್ನು ಅಪ್ಪಿದಳು. ಅಲುಗಲಿಲ್ಲ. ಕೊಟ್ರಬಸಪ್ಪ ನಕ್ಕದ್ದು ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. ಅವಳು ಕಾಲು ಅಗಲಿಸಿ, ಉಸಿರು ಕಟ್ಟಿ, ತಾತ ಕಲಿಸಿದ ಹಾಗೆ ಪಕ್ಕಕ್ಕೊಮ್ಮೆ ಹೊರಳಿಸಿದಳು. ಸಿಮೆಂಟು ಬಿರಿಯಿತು. ಮೊಣಕಾಲಿಗೆ ಬಂತು. ಎದೆಗೆ ಬಂತು. ಕೊನೆಗೆ ಹೆಗಲಿಗೇರಿತು.

"ಶಭಾಷ್ ಬಿಡ್ಡಾ, ಶಭಾಷ್ ಮಗಳೇ!" ಅಂತ ಹಿಂದಿನಿಂದ ಯಾರೋ ತೆಲುಗು ಕನ್ನಡ ಬೆರೆಸಿ ಕೂಗಿದರು. ನಾಗಜ್ಯೋತಿ ಗುಂಡನ್ನು ಹಿಂದಕ್ಕೆ ಎಸೆದಳು. ವೇದಿಕೆಯೇ ಅದುರಿತು, ಕೊಟ್ರಬಸಪ್ಪನ ಕೈಯಿಂದ ಮೈಕು ಬಿತ್ತು.

ಗಾದಿಲಿಂಗಮ್ಮ ಇಳಿದು ಬಂದು ಗುಂಡಿನ ಪಕ್ಕ ಮಣ್ಣಿನಲ್ಲೇ ಕುಂತಳು. ಮೆತ್ತಿದ್ದ ಹಸಿ ಸಿಮೆಂಟನ್ನು ಸೆರಗಿನಿಂದ ಒರೆಸತೊಡಗಿದಳು. ಗಂಡ ಸತ್ತ ದಿನದಿಂದ ಬಾರದಿದ್ದ ಅಳು ಈಗ ಬಂತು.

"ನೋಡಿದೆ," ಅಂದಳು ಕಲ್ಲಿಗೆ. "ನೀ ಹೇಳಿದಂಗ ನೋಡಿದೆ."